ಬೀಳ್ಕೊಡುವಾಗ ‘ಹೌದೂ’ ಅನ್ನುವ ಊರು

ಐಂಡ್‌ಹೋವೆನ್‌ಗೆ ಬಂದ ಮೊದಲ ವಾರ ಅದು. ಮನೆ ಹತ್ತಿರದ ಬೇಕರಿಗೆ ಹೋಗಿ ಬ್ರೆಡ್ ತಗೊಂಡೆ. ಕೌಂಟರಿನಲ್ಲಿದ್ದ ಹೆಂಗಸು ಚೀಲ ಕೈಗೆ ಕೊಟ್ಟು, ಮುಖ ತುಂಬ ನಕ್ಕು, “ಹೌದೂ!” ಅಂದರು. ನಾನು ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಊರು ಬಿಟ್ಟು 7,000 ಕಿಲೋಮೀಟರಿಗೂ ಜಾಸ್ತಿ ದೂರ ಬಂದಿದ್ದೀನಿ, ಇವರ ಬಾಯಲ್ಲಿ ನಮ್ಮ ಮಾತು ಹೇಗೆ ಬಂತು? ಅಷ್ಟರಲ್ಲಿ ಹಿಂದಿದ್ದ ತಾತನೂ ಬನ್ನು ತಗೊಂಡು “ಹೌದೂ” ಅಂದ. ಆಕೆಯೂ “ಹೌದೂ” ಅಂದರು. ಆಮೇಲೆ ತಾತ ಸೈಕಲ್ ಹತ್ತಿ ಹೊರಟೇ ಹೋದ.

ಮಾರನೇ ದಿನ ಆಫೀಸಿನಲ್ಲಿ ಕೇಳಿದಾಗ ಗೊತ್ತಾಯಿತು. ಅದು ಈ ಕಡೆಯವರ ‘ಬೈ’. ಐಂಡ್‌ಹೋವೆನ್ ಇರುವುದು ನೆದರ್ಲೆಂಡ್ಸಿನ ದಕ್ಷಿಣದ ಬ್ರಾಬಾಂಟ್ ಸೀಮೆಯಲ್ಲಿ. ಇಲ್ಲಿನ ಆಡುಮಾತಿನಲ್ಲಿ ‘ಹೌದ್’ ಅಂದರೆ ಹಿಡಿದುಕೋ, ಇಟ್ಟುಕೋ. ‘ಊ’ ಅಂದರೆ ನಿನ್ನನ್ನು. ‘ನಿನ್ನನ್ನು ನೀನು ಚೆನ್ನಾಗಿ ಇಟ್ಟುಕೋ’ ಅನ್ನುವ ಹಳೇ ಮಾತು ಸವೆದು ಸವೆದು ‘ಹೌದೂ’ ಆಗಿದೆ. ಕೊನೆಯ ‘ದೂ’ವನ್ನು ಸ್ವಲ್ಪ ಒತ್ತಿ ಎಳೀತಾರೆ. ನಮ್ಮಜ್ಜಿ ಬಸ್ಸು ಹತ್ತಿಸುವಾಗ “ಜೋಪಾನ ಕಣಮ್ಮ” ಅಂತಿದ್ದರಲ್ಲ, ಅದೇ ಇದು. ಅವತ್ತಿನಿಂದ ಈ ಮಾತು ನನಗೆ ತುಂಬಾ ಇಷ್ಟ. ಅಂಗಡಿಯಿಂದ ಹೊರಡುವಾಗ “ಹೌದೂ ಎನ್ ಬೆದಾಂಕ್ತ್” ಅಂದರೆ ಮುಗೀತು, ‘ಜೋಪಾನ, ಥ್ಯಾಂಕ್ಸ್’ ಎರಡೂ ಒಟ್ಟಿಗೆ ಆಗುತ್ತೆ.

ಈ ದೇಶ ಕರ್ನಾಟಕದ ಕಾಲು ಭಾಗಕ್ಕಿಂತ ಕೊಂಚ ಕಮ್ಮಿ ಇದೆ. ಆದರೂ ಸೀಮೆ ಬದಲಾದರೆ ಮಾತಾಡಿಸುವ ರೀತಿಯೇ ಬದಲಾಗುತ್ತೆ. ಉತ್ತರದ ಖ್ರೋನಿಂಗೆನ್ ಕಡೆ ಬಂದರೂ “ಮೊಯ್”, ಹೋದರೂ “ಮೊಯ್”. ಫ್ರೀಸ್‌ಲಾಂಡಿನಲ್ಲಿ ಭಾಷೆಯೇ ಬೇರೆ, ಫ್ರಿಸಿಯನ್. ಅಲ್ಲಿಯವರಾದ ಪೀತ್ ಪೌಲುಸ್ಮಾ ಅನ್ನುವವರು ಬಹಳ ವರ್ಷ ಟೀವಿಯಲ್ಲಿ ಹವಾಮಾನ ಹೇಳುತ್ತಿದ್ದರು. ಕೊನೆಗೆ ಫ್ರಿಸಿಯನ್ ಭಾಷೆಯಲ್ಲಿ “ವಾಂತ್ ಮೊವಾರ್ನ್” ಅನ್ನುತ್ತಿದ್ದರು. ‘ನಾಳೆ ಸಿಗೋಣ’ ಅಂತ ಅರ್ಥ. ಫ್ರಿಸಿಯನ್ನಿನ ಒಂದಕ್ಷರ ಬಾರದವರಿಗೂ ಆ ಎರಡು ಪದ ಗೊತ್ತು. ಅವರು 2022ರಲ್ಲಿ ತೀರಿಕೊಂಡಾಗ ನಮ್ಮ ಆಫೀಸಿನಲ್ಲೂ ಸಂಜೆ ಹೊರಡುವವರು ಆ ಮಾತು ಹೇಳಿಯೇ ಹೊರಟರು.

ಎಲ್ಲ ಕಡೆಯೂ ನಡೆಯುವ ಮಾತುಗಳೂ ಇವೆ. ಬಂದಾಗ “ಹೊಯ್”, ಹೋಗುವಾಗ “ದೂಯ್”. ಸ್ವಲ್ಪ ಮರ್ಯಾದೆಯಿಂದ ಮಾತಾಡುವಾಗ “ದಖ್”. ಈ ‘ಖ’ ನಮ್ಮ ಖ ಅಲ್ಲ, ಗಂಟಲಿನ ಆಳದಿಂದ ಉಜ್ಜಿಕೊಂಡು ಬರಬೇಕು. ದೇಶದ ನಡುವೆ ಹರಿಯುವ ದೊಡ್ಡ ನದಿಗಳಿಗಿಂತ ಮೇಲಿನ ಉತ್ತರದವರು ಅದನ್ನು ಗಡುಸಾಗಿ ಉಜ್ಜುತ್ತಾರೆ. ಕೆಳಗಿನ ನಮ್ಮ ಕಡೆಯವರ ಬಾಯಲ್ಲಿ ಅದು ಮೆತ್ತಗೆ, ಹೆಚ್ಚೂಕಮ್ಮಿ ‘ಹ’ ಥರ ಬರುತ್ತೆ. ದಖ್ ಅಂದರೆ ದಿನ. ನಮ್ಮ ನಮಸ್ಕಾರದ ಹಾಗೆ ಬಂದಾಗಲೂ ಸೈ, ಹೊರಟಾಗಲೂ ಸೈ. ವ್ಯತ್ಯಾಸ ರಾಗದಲ್ಲಿದೆ. ಬಂದಾಗ ಚಿಕ್ಕದಾಗಿ “ದಖ್”. ಹೊರಡುವಾಗ ಎಳೆದು “ದಾ...ಖ್”. ಮಕ್ಕಳಂತೂ ಸ್ಕೂಲ್ ಗೇಟಿನಲ್ಲಿ ಇದನ್ನು ಹಾಡಿನ ಹಾಗೆ ಎಳೀತಾರೆ.

ಮನಸ್ಸಿಗೆ ಹಿಡಿಸಿದ ಇನ್ನೊಂದು ವಿಷಯ ಇವರ ‘ತೊತ್’. ಅಂದರೆ ‘ಅಲ್ಲಿವರೆಗೆ’. ಮತ್ತೆ ಯಾವಾಗ ಸಿಗ್ತೀವಿ ಅನ್ನುವುದನ್ನು ಹೊರಡುವ ಮಾತಿನಲ್ಲೇ ಹೇಳಿಬಿಡುತ್ತಾರೆ. ಕಾಫಿ ತರಲು ಎದ್ದವರು “ತೊತ್ ಸೋ” ಅಂತಾರೆ, ಈಗ ಬಂದೆ ಅಂತ. ಮಧ್ಯಾಹ್ನ ಮೀಟಿಂಗಿನಲ್ಲಿ ಸಿಗುವುದಿದ್ದರೆ “ತೊತ್ ಸ್ತ್ರಾಕ್ಸ್”. ಸಂಜೆ “ತೊತ್ ಮೊರ್ಖೆ”, ನಾಳೆವರೆಗೆ. ಯಾವಾಗ ಅಂತ ಗೊತ್ತಿಲ್ಲದಿದ್ದರೆ “ತೊತ್ ಸೀನ್ಸ್”, ಮತ್ತೆ ನೋಡುವ ತನಕ. ಒಂದು ಸಲ ಲಿಫ್ಟಿನಲ್ಲಿ ಸಹೋದ್ಯೋಗಿಗೆ ನಾನು ಸುಮ್ನೆ “ತೊತ್ ಸೋ” ಅಂದೆ. ಆತ ಐದನೇ ಮಹಡಿಯಲ್ಲಿ ನನಗಾಗಿ ಕಾಯುತ್ತಾ ನಿಂತಿದ್ದ. ಪಾಪ, ನಾನು ಈಗಲೇ ಬರ್ತೀನಿ ಅಂದುಕೊಂಡಿದ್ದ. ಅಂದಿನಿಂದ ಈ ಪದಗಳನ್ನು ಅಳೆದು ಆಡ್ತೀನಿ. ನಾವೂ ‘ಹೋಗ್ತೀನಿ’ ಅನ್ನಲ್ಲ ಅಲ್ವಾ? ‘ಹೋಗಿ ಬರ್ತೀನಿ’ ಅಂತೀವಿ. ಹೊರಡುವ ಮಾತಿನಲ್ಲೇ ವಾಪಸ್ ಬರುವುದನ್ನೂ ಸೇರಿಸ್ತೀವಿ. ಇವರೂ ಸೇರಿಸ್ತಾರೆ, ಜೊತೆಗೆ ಗಡಿಯಾರ ಇಟ್ಟುಕೊಂಡು.

ಆಸ್ಪತ್ರೆಯ ಕಾಯುವ ಕೋಣೆಗೆ ಕಾಲಿಟ್ಟರೆ ಅಲ್ಲಿ ಕೂತವರಿಗೆಲ್ಲ ಸೇರಿಸಿ ಒಂದು “ಖೂದೆ ಮೊರ್ಖೆ”, ಅಂದರೆ ಗುಡ್ ಮಾರ್ನಿಂಗ್, ಹೇಳಬೇಕು. ಕೂತವರೂ ತಿರುಗಿ ಹೇಳುತ್ತಾರೆ. ಬಸ್ಸು ಹತ್ತುವಾಗ ಡ್ರೈವರಿಗೆ ಹೇಳಬೇಕು. ಫೋನ್ ಎತ್ತಿದರೆ ಬರೀ ಹಲೋ ಅಂದರೆ ಒರಟು, “ಮೆತ್” ಅಂತ ಹೇಳಿ ನಮ್ಮ ಹೆಸರು ಹೇಳಬೇಕು. ‘ನೀವು ಮಾತಾಡ್ತಿರುವುದು ಇವರ ಜೊತೆ’ ಅಂತ.

ಕೈಕುಲುಕುವುದು ಇವರಲ್ಲಿ ಎಷ್ಟು ಬೇರೂರಿದೆ ಅಂದರೆ, 2020ರ ಮಾರ್ಚ್ 9ರಂದು ಆಗಿನ ಪ್ರಧಾನಿ ಮಾರ್ಕ್ ರುಟ್ಟೆ ಪತ್ರಿಕಾಗೋಷ್ಠಿಯಲ್ಲಿ, ಕೊರೋನಾ ಇದೆ, ಇನ್ನು ಯಾರೂ ಕೈಕುಲುಕಬೇಡಿ ಅಂದರು. ಅದು ಮುಗಿದ ಕೂಡಲೇ ಪಕ್ಕದಲ್ಲಿದ್ದ ಆರೋಗ್ಯ ಸಂಸ್ಥೆಯ ಯಾಪ್ ಫಾನ್ ಡಿಸ್ಸೆಲ್ ಅವರ ಕೈ ಕುಲುಕಿಬಿಟ್ಟರು. ಕೈಗೆ ಅಭ್ಯಾಸ ಇದ್ದದ್ದು ಹಾಗೆ. ಆಪ್ತರು ಸಿಕ್ಕಾಗ ಕೆನ್ನೆಗೆ ಕೆನ್ನೆ ತಾಗಿಸಿ ಮೂರು ಮುತ್ತು ಕೊಡುವುದೂ ಇದೆ. ಹೆಂಗಸರ ನಡುವೆ, ಹೆಂಗಸು ಗಂಡಸಿನ ನಡುವೆ. ಗಂಡಸರು ಗಂಡಸರು ಸಾಮಾನ್ಯವಾಗಿ ಕೈ ಕೊಡುತ್ತಾರೆ. ಕೊರೋನಾ ಆದ ಮೇಲೆ ಆ ಮೂರು ಮುತ್ತು ಕಮ್ಮಿಯಾಗಿದೆ. ಮೊದಮೊದಲು ನನಗೆ ಮುಜುಗರ ಇತ್ತು, ಈಗ ಅದು ಇಲ್ಲದಿದ್ದರೆ ಏನೋ ಬಿಟ್ಟುಹೋದ ಹಾಗೆ ಅನಿಸುತ್ತೆ.

ಹುಟ್ಟುಹಬ್ಬಕ್ಕೆ ಹೋದರೆ ಇನ್ನೂ ಚೆಂದ. ಕುರ್ಚಿಗಳನ್ನು ಸುತ್ತ ಹಾಕಿರುತ್ತಾರೆ. ಬಂದವರು ಒಬ್ಬೊಬ್ಬರ ಹತ್ತಿರವೂ ಹೋಗಿ, ಕೈ ಕೊಟ್ಟು, “ಖೆಫೆಲಿಸಿತೇರ್ತ್” ಅನ್ನಬೇಕು. ಅಭಿನಂದನೆ ಅಂತ. ಹುಟ್ಟುಹಬ್ಬದವರಿಗೆ ಮಾತ್ರ ಅಲ್ಲ, ಎಲ್ಲರಿಗೂ! ಅಮ್ಮನಿಗೆ ‘ನಿಮ್ಮ ಮಗನ ಹುಟ್ಟುಹಬ್ಬಕ್ಕೆ ಅಭಿನಂದನೆ’. ಅತ್ತೆಗೆ ‘ನಿಮ್ಮ ಅಳಿಯನ ಹುಟ್ಟುಹಬ್ಬಕ್ಕೆ’. ನಮ್ಮ ಮನೆಯವರ ಹುಟ್ಟುಹಬ್ಬದ ದಿನ ಆಫೀಸಿನಲ್ಲಿ ಮೂರು ಜನ ಬಂದು ನನ್ನ ಕೈ ಕುಲುಕಿದರು. ಒಬ್ಬರು ಹುಟ್ಟಿದ್ದಕ್ಕೆ ಮನೆಯವರೆಲ್ಲರಿಗೂ ಪಾಲು ಕೊಡುವ ಪದ್ಧತಿ ಇದು. ಯೋಚಿಸಿದರೆ ಎಷ್ಟು ಸರಿ ಅನಿಸುತ್ತೆ.

ನಾಲ್ಕು ವರ್ಷದ ಕೆಳಗೆ ಅಪ್ಪನಿಗೆ ಹುಷಾರು ತಪ್ಪಿ ನಾನು ರಾತ್ರೋರಾತ್ರಿ ಹೊರಡಬೇಕಾಯಿತು. ಲ್ಯಾಪ್‌ಟಾಪ್ ಮುಚ್ಚಿ ಎದ್ದಾಗ ಆಫೀಸಿನ ಗೆಳತಿ ನನ್ನ ಭುಜ ಹಿಡಿದು ಒಂದೇ ಪದ ಹೇಳಿದಳು, “ಸ್ತೆರ್ಕ್ತೆ”. ಅದರ ಅರ್ಥ ಬಲ, ಶಕ್ತಿ. ಕಷ್ಟದಲ್ಲಿ ಇರುವವರನ್ನು ಕಳಿಸುವಾಗ ಹೇಳುವ ಮಾತು. ‘ಎಲ್ಲ ಸರಿಹೋಗುತ್ತೆ’ ಅಂತ ಸುಳ್ಳು ಭರವಸೆ ಅದರಲ್ಲಿಲ್ಲ. ಹೊರುವ ಶಕ್ತಿ ಬರಲಿ, ಅಷ್ಟೇ. ವಿಮಾನದಲ್ಲಿ ಅದನ್ನೇ ಹೇಳಿಕೊಂಡು ಕೂತಿದ್ದೆ.

ಇನ್ನು ‘ಔತ್‌ಸ್ವಾಯೆನ್’. ಈ ಪದಕ್ಕಾಗಿಯೇ ಇಷ್ಟೆಲ್ಲ ಬರೆಯಲು ಕೂತದ್ದು. ಹೊರಟವರು ಕಣ್ಣಿಗೆ ಮರೆಯಾಗುವ ತನಕ ಬಾಗಿಲಲ್ಲೋ ಕಿಟಕಿಯಲ್ಲೋ ನಿಂತು ಕೈ ಬೀಸುತ್ತಾ ಕಳಿಸುವುದಕ್ಕೆ ಇವರ ಭಾಷೆಯಲ್ಲಿ ಒಂದು ಇಡೀ ಕ್ರಿಯಾಪದವೇ ಇದೆ. ನಮ್ಮ ‘ಬೀಳ್ಕೊಡು’ವಿಗೆ ಹತ್ತಿರ, ಆದರೆ ಇದರಲ್ಲಿ ಕೈ ಕಾಣಿಸುತ್ತೆ. ಇಲ್ಲಿನ ಮನೆಗಳಿಗೆ ರಸ್ತೆ ಕಡೆ ದೊಡ್ಡ ಕಿಟಕಿ ಇರುತ್ತೆ, ಪರದೆ ಎಳೆಯುವುದು ಕಮ್ಮಿ. ನಮ್ಮ ಪಕ್ಕದ ಮನೆಯಲ್ಲಿ 80 ದಾಟಿದ ಅಜ್ಜಿ ಇದ್ದಾರೆ. ನಾನು ಅವರನ್ನು “ಬೂರ್‌ಫ್ರೌ” ಅಂತ ಕರೀತೀನಿ, ಪಕ್ಕದ ಮನೆಯಾಕೆ ಅಂತ. ಅವರೂ ನನ್ನನ್ನು ಹಾಗೇ ಕರೀತಾರೆ. ಇಲ್ಲಿ ಅದು ಸಲಿಗೆಯ ಮಾತು. ದಿನಾ ಬೆಳಗ್ಗೆ ನಾನು ಸೈಕಲ್ ತೆಗೆಯುವಾಗ ಅಡುಗೆಮನೆ ಕಿಟಕಿಯಲ್ಲಿ ಅವರ ಕೈ ಏಳುತ್ತೆ. ಮೂಲೆ ತಿರುಗುವ ಮುಂಚೆ ನಾನು ಹಿಂತಿರುಗಿ ನೋಡಿದರೆ ಅದು ಇನ್ನೂ ಬೀಸುತ್ತಲೇ ಇರುತ್ತೆ.

ಹೋದ ವರ್ಷ ಅಮ್ಮ ಮೂರು ತಿಂಗಳಿಗೆ ಬಂದಿದ್ದರು. ಇಂಗ್ಲಿಷ್ ಅಷ್ಟಕ್ಕಷ್ಟೇ, ಡಚ್ ಇಲ್ಲವೇ ಇಲ್ಲ. ಅಜ್ಜಿ ಒಂದು ದಿನ ಕಾಫಿಗೆ ಬಂದರು. ಮಾತು ಕಮ್ಮಿ, ನಗು ಜಾಸ್ತಿ. ಹೊರಡುವ ಹೊತ್ತಿಗೆ ಅಜ್ಜಿ ಎರಡೂ ಕೈಯಿಂದ ತೊಡೆ ತಟ್ಟಿ “ಸೋ!” ಅಂದರು. ಇಲ್ಲಿ ಏಳುವ ಮುಂಚೆ ಎಲ್ಲರೂ ಹೀಗೇ ಮಾಡುತ್ತಾರೆ. ನಮ್ಮ ‘ಸರಿ ಹಾಗಾದ್ರೆ’ ಇದ್ದ ಹಾಗೆ. ಅಮ್ಮನಿಗೆ ಅದು ಯಾರೂ ಹೇಳಿಕೊಡದೆ ಅರ್ಥವಾಯಿತು. “ಒಂದ್ನಿಮಿಷ ಇರಿ” ಅಂತ ಕನ್ನಡದಲ್ಲೇ ಹೇಳಿ ಒಳಗೆ ಓಡಿದರು. ಅರಿಶಿನ ಕುಂಕುಮ, ಎರಡು ಬಾಳೆಹಣ್ಣು, ಊರಿಂದ ತಂದಿದ್ದ ಒಂದು ರವಿಕೆ ಕಣ ತಟ್ಟೆಯಲ್ಲಿಟ್ಟು ತಂದರು. ಅಜ್ಜಿ ನನ್ನ ಮುಖ ನೋಡಿದರು. ಮನೆಗೆ ಬಂದ ಹೆಣ್ಣುಮಕ್ಕಳನ್ನು ನಾವು ಬರಿಗೈಲಿ ಕಳಿಸಲ್ಲ ಅಂದೆ. ಅವರು ಕನ್ನಡಕ ತೆಗೆದು, ಬೆಳ್ಳಗಿನ ಕೂದಲು ಹಿಂದಕ್ಕೆ ಸರಿಸಿ, ಹಣೆ ಮುಂದೆ ಮಾಡಿದರು. ಅಮ್ಮ ಇಟ್ಟರು. “ಹೌದೂ” ಅಂದರು ಅಜ್ಜಿ. “ಹೌದು, ಹೋಗಿ ಬನ್ನಿ” ಅಂದರು ಅಮ್ಮ.

ಅಮ್ಮ ವಾಪಸ್ ಹೊರಟ ದಿನ ಬೆಳಗಿನ ಜಾವ ಐದು ಗಂಟೆ. ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ದಾರಿ. ಇನ್ನೂ ಕತ್ತಲೆ, ಜೊತೆಗೆ ಸಣ್ಣ ಮಳೆ. ಯಾರನ್ನೂ ಎಬ್ಬಿಸಬಾರದು ಅಂತ ಸದ್ದಿಲ್ಲದೆ ಸೂಟ್‌ಕೇಸ್ ಕಾರಿಗೆ ಹಾಕಿದೆವು. ಅಷ್ಟರಲ್ಲಿ ಪಕ್ಕದ ಮನೆಯ ಬಾಗಿಲ ದೀಪ ಹೊತ್ತಿಕೊಂಡಿತು. ಅಜ್ಜಿ ನೈಟ್ ಗೌನ್ ಮೇಲೆ ಸ್ವೆಟರ್ ಹಾಕಿಕೊಂಡು ಮೆಟ್ಟಿಲಲ್ಲಿ ನಿಂತಿದ್ದರು. ಕಾರು ಹೊರಟಿತು. ಅಮ್ಮ ಹಿಂದಿನ ಸೀಟಿನಲ್ಲಿ ಪೂರ್ತಿ ತಿರುಗಿ ಕೂತು, ಹಿಂದಿನ ಗಾಜಿನಲ್ಲಿ ಕೈ ಬೀಸಿದರು. ಆ ದೀಪದ ಕೆಳಗೆ ಒಂದು ಕೈ ಮೇಲೇ ಇತ್ತು. ಮೂಲೆ ತಿರುಗಿದ ಮೇಲೂ ಅಮ್ಮ ಸ್ವಲ್ಪ ಹೊತ್ತು ಬೀಸುತ್ತಲೇ ಇದ್ದರು.

ಈಗ ಭಾನುವಾರ ವಾಟ್ಸಾಪ್ ಕಾಲ್ ಮಾಡಿದಾಗ, ಇಡುವ ಮುಂಚೆ ಅಮ್ಮ ಮರೆಯದೆ ಹೇಳುತ್ತಾರೆ, “ಪಕ್ಕದ ಮನೆಯವರಿಗೆ ನಾನು ಕೇಳ್ದೆ ಅಂತ ಹೇಳು.” ಇಲ್ಲೂ ಥೇಟ್ ಅದೇ ಮಾತಿದೆ, “ದೆ ಖ್ರೂತೆ”. ಸಂಜೆ ಬೇಲಿಯ ಈ ಕಡೆಯಿಂದ ನಾನು ಅದನ್ನು ತಲುಪಿಸ್ತೀನಿ. ಅಜ್ಜಿ ಕೈಲಿದ್ದ ನೀರಿನ ಕ್ಯಾನ್ ಕೆಳಗಿಟ್ಟು, ಎರಡು ಬೆರಳಿಂದ ತಮ್ಮ ಹಣೆ ಮುಟ್ಟಿ ತೋರಿಸ್ತಾರೆ.