ಲೇಕ್ ಫೋರ್ಕ್‌ನಲ್ಲಿ ಕಯಾಕ್ ಬಾಸ್ ಟೂರ್ನಮೆಂಟ್: ಹೋಗುವವರಿಗೆ ಕೆಲವು ಮಾತು

ಡಾಲಸ್‌ನಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆ ಕಾರು ಓಡಿಸಿದರೆ ಲೇಕ್ ಫೋರ್ಕ್. ಟೆಕ್ಸಾಸ್ ರಾಜ್ಯದ ದಾಖಲೆ ಬರೆದ 18.18 ಪೌಂಡಿನ ಬಾಸ್ ಮೀನು 1992ರಲ್ಲಿ ಸಿಕ್ಕಿದ್ದು ಇದೇ ನೀರಿನಲ್ಲಿ. ಗಾಳ ಹಾಕುವ ಆಸೆ ಇರುವ ನಮ್ಮವರು ಈ ಕಡೆ ಬೇಕಾದಷ್ಟು ಜನ ಇದ್ದಾರೆ. ಆದರೆ ಟೂರ್ನಮೆಂಟ್ ಅಂದ ಕೂಡಲೇ ದೊಡ್ಡ ದೋಣಿ, ದೊಡ್ಡ ಖರ್ಚು ಎಂದು ಹಿಂಜರಿಯುತ್ತಾರೆ. ಕಯಾಕ್ ಅಂದರೆ ಸಾಮಾನ್ಯವಾಗಿ ಒಬ್ಬರೇ ಕೂತು ನಡೆಸುವ ಚಿಕ್ಕ ದೋಣಿ, ಅದರ ಸ್ಪರ್ಧೆ ಹಾಗಲ್ಲ. ಇಲ್ಲಿ ಕೈಯಳತೆಯ ನೀರನ್ನು ಚೆನ್ನಾಗಿ ಓದಿದವರಿಗೆ ಬೆಲೆ.

ಫೋರ್ಕ್ ಸುಮಾರು 27,000 ಎಕರೆಯ ಜಲಾಶಯ. ಅಂಕಿ ನೋಡಿ ಗಾಬರಿಯಾಗಬೇಡಿ. ಪೆಡಲ್ ಅಥವಾ ಹುಟ್ಟು ನಂಬಿಕೊಂಡವರು ಇಡೀ ಕೆರೆ ಸುತ್ತಲು ಆಗುವುದಿಲ್ಲ, ಸುತ್ತುವ ಅಗತ್ಯವೂ ಇಲ್ಲ. ಕವಲೊಡೆದ ಕೊಲ್ಲಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಅಭ್ಯಾಸದ ದಿನ ಅದನ್ನೇ ಮೂಲೆಮೂಲೆ ತಡಕಿ. ಅಣೆಕಟ್ಟು ಕಟ್ಟಿದಾಗ ಮರಗಳನ್ನು ಬಹುಪಾಲು ಕಡಿಯದೆ ಹಾಗೇ ಬಿಟ್ಟರು. ಕಬಿನಿ ಹಿನ್ನೀರಿನಲ್ಲಿ ನಿಂತ ಒಣಮರಗಳನ್ನು ನೋಡಿದ್ದೀರಲ್ಲ, ಇಲ್ಲೂ ಅದೇ ನೋಟ. ಕಾಣುವ ಮರಕ್ಕಿಂತ ನೀರಿನ ಮಟ್ಟಕ್ಕೇ ಮುರಿದು ನಿಂತ ಮೋಟು ಅಪಾಯ. ಕತ್ತಲಲ್ಲಿ ಹೊರಟಾಗ ನಿಧಾನವಾಗಿ ಹೋಗಿ. ಪೆಡಲ್ ಕಯಾಕ್ ಆದರೆ ಅಡಿಯ ರೆಕ್ಕೆಗಳನ್ನು ಆಳವಿಲ್ಲದ ಕಡೆ ಮೇಲೆತ್ತಿಬಿಡಿ.

ಸ್ಪರ್ಧೆಯ ರೀತಿ ಹೀಗಿದೆ: ಮೀನು ಹಿಡಿ, ಅಳತೆ ಹಲಗೆಯ ಮೇಲಿಟ್ಟು ಫೋಟೋ ತೆಗಿ, ನೀರಿಗೆ ಬಿಡು. ತೂಕ ಲೆಕ್ಕಕ್ಕಿಲ್ಲ, ಉದ್ದವೇ ಎಲ್ಲ. ಸಾಮಾನ್ಯವಾಗಿ ದಿನದ ಅತಿ ಉದ್ದದ ಐದು ಮೀನುಗಳನ್ನು ಕೂಡುತ್ತಾರೆ. 18 ಇಂಚಿನ ಐದು ಸಿಕ್ಕರೆ 90 ಇಂಚು. ಫೋರ್ಕ್‌ಗೆ ಈ ಪದ್ಧತಿ ಹೇಳಿ ಮಾಡಿಸಿದಂತಿದೆ. ಇಲ್ಲಿ 16ರಿಂದ 24 ಇಂಚಿನೊಳಗಿನ ಬಾಸನ್ನು ಇಟ್ಟುಕೊಳ್ಳುವಂತಿಲ್ಲ, ಹಿಡಿದ ಕೂಡಲೇ ಬಿಡಬೇಕು. ದಡಕ್ಕೆ ತಂದು ತೂಗುವ ಸ್ಪರ್ಧೆಗಳಿಗೆ ಅದು ದೊಡ್ಡ ತೊಡಕು. ನಮಗೆ ಮಾತ್ರ ಪ್ರತಿ ಮೀನೂ ಲೆಕ್ಕಕ್ಕೆ ಬರುತ್ತದೆ, ಮೀನೂ ಬದುಕುತ್ತದೆ. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದೇ ಇದಕ್ಕೆ.

ಹಾಗಾಗಿ ಫೋಟೋ ತೆಗೆಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿ. ಉತ್ಪ್ರೇಕ್ಷೆಯಲ್ಲ, ಬಹುಮಾನ ಕೈತಪ್ಪುವುದು ಹೆಚ್ಚಾಗಿ ಇಲ್ಲೇ. ಮೀನಿನ ಬಾಯಿ ಮುಚ್ಚಿರಬೇಕು, ಮೂತಿ ಹಲಗೆಯ ತಡೆಗೆ ತಾಗಿರಬೇಕು, ಬಾಲ ಸ್ಪಷ್ಟವಾಗಿ ಕಾಣಬೇಕು. ಆಯೋಜಕರು ಅಂದಿಗೆ ಕೊಟ್ಟ ಗುರುತಿನ ಸಂಕೇತ ಬರೆದ ಚೀಟಿ ಅದೇ ಚಿತ್ರದಲ್ಲಿರಬೇಕು. ಅಳತೆಯನ್ನು ಅದರ ಕೆಳಗಿನ ಕಾಲು ಇಂಚಿನ ಗೆರೆಗೆ ಇಳಿಸಿ ಓದುತ್ತಾರೆ. ಬಾಯಿ ತೆರೆದಿದ್ದರೆ ಕಡಿತ ಬೀಳಬಹುದು, ಸಂಕೇತ ಕಾಣದಿದ್ದರೆ ಮೀನೇ ರದ್ದಾಗಬಹುದು. ಆಯೋಜಕರಿಂದ ಆಯೋಜಕರಿಗೆ ನಿಯಮ ಸ್ವಲ್ಪ ಬದಲಾಗುತ್ತದೆ. ಹಿಂದಿನ ರಾತ್ರಿ ಪೂರ್ತಿ ಓದಿ ಮಲಗಿ.

ನಾನು ಪಾಲಿಸುವ ಕ್ರಮ ಇದು. ಗಾಳಕ್ಕೆ ಸಿಕ್ಕ ಮೀನು ಕೈಬಲೆಗೆ ಬಂದರೆ ತಕ್ಷಣ ಮೇಲೆತ್ತುವುದಿಲ್ಲ. ಬಲೆಯ ಸಮೇತ ನೀರಲ್ಲೇ ಇರುತ್ತದೆ, ಉಸಿರಾಡುತ್ತಿರುತ್ತದೆ. ಅಷ್ಟರಲ್ಲಿ ಹಲಗೆಯನ್ನು ನೀರಿನಿಂದ ಒದ್ದೆ ಮಾಡಿ ತೊಡೆಯ ಮೇಲೆ ಇಡುತ್ತೇನೆ. ಒಣ ಹಲಗೆ ಮೀನಿನ ಮೈಮೇಲಿನ ಲೋಳೆ ಕೀಳುತ್ತದೆ. ಫೋನ್ ಕ್ಯಾಮೆರಾ ತೆರೆದು, ಒದ್ದೆ ಬೆರಳು ಒರೆಸಿಕೊಂಡು, ಆಮೇಲೆ ಮೀನನ್ನು ಎತ್ತುತ್ತೇನೆ. ಎರಡು ಮೂರು ಚಿತ್ರ ತೆಗೆದು, ಬಿಡುವ ಮೊದಲು ಅವನ್ನೊಮ್ಮೆ ದೊಡ್ಡದು ಮಾಡಿ ನೋಡುತ್ತೇನೆ. ಫೋನನ್ನು ದಾರದಿಂದ ಕಯಾಕ್‌ಗೆ ಕಟ್ಟಿ. ಹಲಗೆಗೂ ಒಂದು ದಾರ ಇರಲಿ, ಎಲ್ಲ ಹಲಗೆಯೂ ತೇಲುವುದಿಲ್ಲ.

ಬಾಸ್ ಮೊಟ್ಟೆ ಇಡಲು ದಡದ ಹತ್ತಿರ ಬರುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ಕಯಾಕ್‌ನವರಿಗೆ ಇದೇ ಸುಗ್ಗಿ. ಹುಳದ ಆಕಾರದ ಮೆತ್ತನೆ ಪ್ಲಾಸ್ಟಿಕ್ ಅನ್ನು ಟೆಕ್ಸಾಸ್ ರಿಗ್‌ನಲ್ಲಿ ಗಾಳದ ಮುಳ್ಳು ಪ್ಲಾಸ್ಟಿಕ್ಕಿನೊಳಗೇ ಅಡಗುವಂತೆ ಪೋಣಿಸಿ ಹಾಕಿದರೆ ಕೊಂಬೆಗೆ ಸಿಕ್ಕಿಕೊಳ್ಳುವುದು ಕಡಿಮೆ. ಅದೂ, ತಿರುಗುವ ಲೋಹದ ಎಲೆಯಿರುವ ಒಂದು ಸ್ಪಿನ್ನರ್‌ಬೈಟೂ ಸಾಕು. ಪೆಟ್ಟಿಗೆ ತುಂಬ ಬಣ್ಣಬಣ್ಣದ್ದು ಕೊಳ್ಳುವ ದುಡ್ಡಿನಲ್ಲಿ ಒಳ್ಳೆಯ ಲೈಫ್ ಜಾಕೆಟ್ ಕೊಳ್ಳಿ. ಆ ತಿಂಗಳುಗಳಲ್ಲಿ ಮೇಲೆ ಬಿಸಿಲಿದ್ದರೂ ನೀರು ಕೊರೆಯುತ್ತಿರುತ್ತದೆ. ಬಟ್ಟೆ ನೀರಿನ ಚಳಿಗೆ ತಕ್ಕಂತಿರಲಿ, ಗಾಳಿಯ ಬಿಸಿಗಲ್ಲ.

ವಸಂತದಲ್ಲಿ ದಕ್ಷಿಣದ ಗಾಳಿ ಜೋರು. ಬೆಳಿಗ್ಗೆ ಶಾಂತವಾಗಿದ್ದ ನೀರು ಮಧ್ಯಾಹ್ನ ನೊರೆ ಏಳಿಸುತ್ತದೆ. ತೋಳಲ್ಲಿ ಶಕ್ತಿ ಇರುವಾಗ ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಗಾಳಿ ಬೆನ್ನಿಗಿರುವಂತೆ ದೋಣಿ ನೀರಿಗಿಳಿಸುವ ರ‍್ಯಾಂಪ್ ಆರಿಸಿ. ಬಯಲು ನೀರು ದಾಟಬೇಕಾದ ಯೋಜನೆ ಬೇಡ. ದೊಡ್ಡ ಬಾಸ್ ಬೋಟುಗಳು ವೇಗವಾಗಿ ಬರುತ್ತವೆ, ಹಿಂದೆ ಎತ್ತರದ ಬಾವುಟ, ಮುಂಜಾನೆಗೆ ಬಿಳಿ ದೀಪ ಇರಲೇಬೇಕು. ಗುಡುಗು ಕೇಳಿಸಿದರೆ ಎಷ್ಟು ಇಂಚು ಬಾಕಿ ಇದ್ದರೂ ದಡಕ್ಕೆ ಬನ್ನಿ.

ಊಟಕ್ಕೆ ಒಂದೇ ಕೈಯಲ್ಲಿ ತಿನ್ನುವಂಥದ್ದು ಇರಲಿ. ಚಪಾತಿಗೆ ಪಲ್ಯ ಸುತ್ತಿಕೊಂಡು ಹೋದರೆ ಸಲೀಸು. ನೀರು ಮಾತ್ರ ಜಾಸ್ತಿನೇ ಇಟ್ಟುಕೊಳ್ಳಿ.

ಕಾಗದಪತ್ರದ ವಿಷಯ: 17 ವರ್ಷ ತುಂಬಿದ ಬಹುತೇಕ ಎಲ್ಲರಿಗೂ ಟೆಕ್ಸಾಸ್‌ನ ಮೀನುಗಾರಿಕೆ ಲೈಸೆನ್ಸ್ ಬೇಕು. ಹುಟ್ಟಿನ ಕಯಾಕ್‌ಗೆ ರಿಜಿಸ್ಟ್ರೇಷನ್ ಇಲ್ಲ. ಆದರೆ ಚಿಕ್ಕ ವಿದ್ಯುತ್ ಮೋಟರ್ ಕೂರಿಸಿದರೂ ಮಾಡಿಸಲೇಬೇಕು. ಸಾರ್ವಜನಿಕ ರ‍್ಯಾಂಪ್‌ಗಳೂ ಇವೆ, ಶುಲ್ಕ ತೆಗೆದುಕೊಳ್ಳುವ ಖಾಸಗಿ ಮರೀನಾಗಳೂ ಇವೆ. ಹಿಂದಿನ ರಾತ್ರಿ ಎಮರಿ ಅಥವಾ ಕ್ವಿಟ್‌ಮನ್ ಊರಿನ ಕಡೆ ಉಳಿದುಕೊಂಡರೆ ನಿದ್ದೆಗೆಟ್ಟು ಕಾರು ಓಡಿಸುವುದು ತಪ್ಪುತ್ತದೆ. ಹೊರಡುವಾಗ ಕಯಾಕ್‌ನ ನೀರು ಪೂರ್ತಿ ಬಸಿದು, ಅಂಟಿದ ಗಿಡ ಕಿತ್ತು ಹಾಕಿ. ಸಾಲ್ವಿನಿಯಾ ಕಳೆಯ ಒಂದು ತುಣುಕು ಸಾಕು, ಮುಂದಿನ ಕೆರೆಯನ್ನು ಮುಚ್ಚಿಬಿಡುತ್ತದೆ. ನೀರು ಬಸಿಯುವುದು ಇಲ್ಲಿ ಕಾನೂನು ಕೂಡ.