ಭಿವಂಡಿ ಗೋದಾಮು: ಸ್ಲಾಟ್ ತಪ್ಪುವುದು ಎಲ್ಲಿ?

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಮಾಲು ಹೇರಿಕೊಂಡು ಬರುವ ಗಾಡಿಗಳು ಮುಂಬೈ ಹತ್ತಿರದ ಭಿವಂಡಿಯ ಮಾಣಕೋಲಿ, ಅಂಜೂರ್ ಫಾಟಾ ಸುತ್ತಿನ ಗೋದಾಮುಗಳ ಮುಂದೆ ಒಂದೆರಡು ದಿನ ಕಾಯುವುದು ಮಾಮೂಲಿಯಾಗಿದೆ. ಬೈಗುಳ ಬೀಳುವುದು ಚಾಲಕರಿಗೆ. ಆದರೆ ಸ್ಲಾಟ್, ಅಂದರೆ ಗೋದಾಮಿನಲ್ಲಿ ಮಾಲು ಇಳಿಸಲು ಗೊತ್ತುಮಾಡುವ ಸಮಯ, ಬುಕ್ ಮಾಡುವುದು ಮಾಲು ಕಳಿಸುವ ಪಾರ್ಟಿಯ ಆಫೀಸು. ಚಾಲಕರ ಕೈಯಲ್ಲಿ ಪೋರ್ಟಲ್ಲಿನ ಲಾಗಿನ್ ಕೂಡ ಇರುವುದಿಲ್ಲ.

ಮೊದಲ ತಪ್ಪು ಲೆಕ್ಕದಲ್ಲೇ ಆಗುತ್ತದೆ. ಹುಬ್ಬಳ್ಳಿಯಿಂದ ಭಿವಂಡಿಗೆ ಸುಮಾರು 580 ಕಿ.ಮೀ. ಲೋಡಾದ ಗಾಡಿಗೆ ಗಂಟೆಗೆ ಸರಾಸರಿ 35–40 ಕಿ.ಮೀ. ಹಿಡಿದರೆ ಬರೀ ಓಡಿಸುವುದಕ್ಕೇ ಸುಮಾರು 14.5–16.5 ಗಂಟೆ ಬೇಕು. ಖಂಬಾಟ್ಕಿ ಮತ್ತು ಖಂಡಾಲಾ ಘಾಟಿನಲ್ಲಿ ಜಾಮ್ ಆದರೆ ಇನ್ನೂ ಹೆಚ್ಚು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಚಾಲಕರಿಗೆ ಸಾಮಾನ್ಯವಾಗಿ ಹೇಳುತ್ತಿದ್ದುದು ದಿನಕ್ಕೆ 8 ಗಂಟೆ ಕೆಲಸ. ಆ ಲೆಕ್ಕದಲ್ಲಿ ಒಬ್ಬರೇ ಚಾಲಕರಿದ್ದರೆ ಇದು ಕನಿಷ್ಠ ಎರಡು ದಿನದ ದಾರಿ. ಕಳಂಬೋಲಿ, ಶಿಳ್‌ಫಾಟಾ, ಮುಂಬ್ರಾ ಬೈಪಾಸ್ ದಾಟಿ ಬರುವಾಗ ಠಾಣೆ ಪೊಲೀಸರ ಭಾರಿ ವಾಹನ ನಿರ್ಬಂಧದ ಗಂಟೆಗಳೂ ಅಡ್ಡ ಬರುತ್ತವೆ. ಆ ಗಂಟೆಗಳು ಆಗಾಗ ಬದಲಾಗುವುದರಿಂದ ಹೊರಡುವ ದಿನವೇ ವಿಚಾರಿಸಬೇಕು. ಬೆಳಿಗ್ಗೆ 9ರ ಸ್ಲಾಟ್ ಹಿಡಿಯಬೇಕಾದರೆ ಹಿಂದಿನ ರಾತ್ರಿಯೇ ಭಿವಂಡಿ ಮುಟ್ಟಿರಬೇಕು. ಲೋಡಿಂಗ್ ಮುಗಿಯುವ ಮೊದಲೇ ಸ್ಲಾಟ್ ಬುಕ್ ಮಾಡುವ ಆಫೀಸುಗಳು ಈ ಲೆಕ್ಕ ಹಾಕುವುದೇ ಇಲ್ಲ.

ಎರಡನೆಯದು ಕಾಗದ. ಗೇಟಿನಲ್ಲಿ ಅಪಾಯಿಂಟ್‌ಮೆಂಟ್ ನಂಬರು, ಪಿಓ (ಖರೀದಿ ಆರ್ಡರ್) ನಂಬರು, ಗಾಡಿ ನಂಬರು, ಬಾಕ್ಸಿನ ಲೆಕ್ಕ ನಾಲ್ಕೂ ತಾಳೆಯಾಗಬೇಕು. ದಾರಿಯಲ್ಲಿ ಗಾಡಿ ಕೆಟ್ಟು ಮಾಲನ್ನು ಬೇರೆ ಗಾಡಿಗೆ ಹಾಕಿದಾಗ ಇ-ವೇ ಬಿಲ್ಲಿನ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ) ಪಾರ್ಟ್ ಬಿ, ಅಂದರೆ ಗಾಡಿ ನಂಬರಿನ ಭಾಗ, ಬದಲಿಸುತ್ತಾರೆ, ಗೋದಾಮಿನ ಪೋರ್ಟಲ್ಲಿನಲ್ಲಿ ಹಳೆಯ ನಂಬರನ್ನೇ ಬಿಡುತ್ತಾರೆ. ಇನ್‌ವಾಯ್ಸಿನಲ್ಲಿ 900 ಬಾಕ್ಸ್, ಬುಕಿಂಗಿನಲ್ಲಿ 880 ಇದ್ದರೂ ಗಾಡಿ ಹೊರಗೇ. ಪಿಓ ಅವಧಿ ಮುಗಿದಿದ್ದರಂತೂ ಹೊಸ ಸ್ಲಾಟೂ ಸಿಗುವುದಿಲ್ಲ, ಮೊದಲು ಖರೀದಿ ವಿಭಾಗ ಪಿಓ ಮುಂದುವರಿಸಬೇಕು.

ಸಮಯಕ್ಕೆ ಸರಿಯಾಗಿ ಬಂದ ಗಾಡಿಯೂ ನಿಲ್ಲುತ್ತದಲ್ಲ, ಅದಕ್ಕೆ ಕಾರಣ ಒಳಗಿದೆ. ಪ್ಯಾಲೆಟ್ (ಮಾಲು ಜೋಡಿಸುವ ಹಲಗೆ) ಮೇಲಿನ ಮಾಲು ಫೋರ್ಕ್‌ಲಿಫ್ಟಿನಿಂದ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಇಳಿಯುತ್ತದೆ. ಅದೇ 32 ಅಡಿ ಗಾಡಿಯಲ್ಲಿ 900 ಬಿಡಿ ಬಾಕ್ಸ್ ಇದ್ದರೆ ನಾಲ್ವರು ಹಮಾಲರಿಗೆ ಮೂರು–ನಾಲ್ಕು ಗಂಟೆ ಹಿಡಿಯುತ್ತದೆ. ಎರಡಕ್ಕೂ ಒಂದೇ ಅಳತೆಯ ಸ್ಲಾಟ್! ಮಧ್ಯಾಹ್ನದ ಹೊತ್ತಿಗೆ ಇಡೀ ಸಾಲು ಹಿಂದೆ ಬಿದ್ದಿರುತ್ತದೆ, ಸಂಜೆಯ ಗಾಡಿಗಳನ್ನು ನಾಳೆಗೆ ತಳ್ಳುತ್ತಾರೆ. ಸ್ಲಾಟನ್ನು ಗಾಡಿಯ ಲೆಕ್ಕದಲ್ಲಿ ಕೊಡುವ ಬದಲು ಬಾಕ್ಸಿನ ಲೆಕ್ಕದಲ್ಲಿ ಕೊಟ್ಟರೆ ಈ ಸಂಕಟ ಅರ್ಧ ಇಳಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಅಲ್ಲಿಯವರೆಗೆ ಬಿಡಿ ಬಾಕ್ಸಿನ ಗಾಡಿಗೆ ದಿನದ ಮೊದಲ ಸ್ಲಾಟನ್ನೇ ಕೇಳಿ.

ಕಾಯುವಾಗ ಇ-ವೇ ಬಿಲ್ ಮರೆಯಬೇಡಿ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ, ಹಾಗಾಗಿ 580 ಕಿ.ಮೀ.ಗೆ ಮೂರು ದಿನ. ಮೊದಲ ದಿನ ಮುಗಿಯುವುದು ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಗೆ. ಹೀಗಾಗಿ ಸೋಮವಾರ ಮಾಡಿದ ಬಿಲ್ ಗುರುವಾರ ಮಧ್ಯರಾತ್ರಿಗೆ ಮುಗಿಯುತ್ತದೆ. ಬುಧವಾರದ ಸ್ಲಾಟ್ ತಪ್ಪಿ ಶನಿವಾರದ್ದು ಸಿಕ್ಕರೆ ಅವಧಿ ಹೆಚ್ಚಿಸಲೇಬೇಕು. ಅದಕ್ಕೆ ಅವಕಾಶ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಮಾತ್ರ, ಅಂದರೆ ಗುರುವಾರ ಸಂಜೆ 4ರಿಂದ ಶುಕ್ರವಾರ ಬೆಳಿಗ್ಗೆ 8ರವರೆಗೆ. ಗೋದಾಮಿನ ಬಾಗಿಲಲ್ಲೇ ನಿಂತಿದ್ದರೂ ಮಾಲು ಒಪ್ಪಿಸುವತನಕ ಅದು ದಾರಿಯಲ್ಲಿರುವ ಮಾಲೇ.

ಇನ್ನು ಹಾಲ್ಟಿಂಗ್, ಅಂದರೆ ಗಾಡಿ ಕಾದದ್ದಕ್ಕೆ ಕೊಡುವ ಹಣ. ಎಷ್ಟು ಗಂಟೆ ಪುಕ್ಕಟೆ, ಆಮೇಲೆ ದಿನಕ್ಕೆ ಎಷ್ಟು ಎಂಬುದನ್ನು ಲೋಡಿಂಗಿಗೆ ಮೊದಲೇ ಬಿಲ್ಟಿಯಲ್ಲಿ (ಮಾಲು ಸಾಗಣೆಯ ರಸೀದಿ) ಬರೆಸಬೇಕು. ಬಾಯಿಮಾತಿಗೆ ಬಾಡಿಗೆ ಇತ್ಯರ್ಥದ ಹೊತ್ತಿನಲ್ಲಿ ಬೆಲೆಯಿಲ್ಲ. ಜಗಳವೆಲ್ಲ ಬರುವುದು ಗಾಡಿ ಯಾವಾಗ ಮುಟ್ಟಿತು ಎಂಬುದರ ಮೇಲೆ. ಸ್ಲಾಟಿಗೆ ಮೊದಲು ಬಂದ ಗಾಡಿಯನ್ನು ಎಷ್ಟೋ ಕಡೆ ರಿಜಿಸ್ಟರಿನಲ್ಲಿ ಬರೆಯುವುದೇ ಇಲ್ಲ. ಆಗ ಗೇಟಿನ ಬೋರ್ಡು ಮತ್ತು ನಂಬರ್ ಪ್ಲೇಟು ಎರಡೂ ಕಾಣುವ ಫೋಟೊ ತೆಗೆದು, ಲೊಕೇಶನ್ ಸಮೇತ ಪಾರ್ಟಿಗೂ ಬುಕಿಂಗ್ ಏಜೆಂಟಿಗೂ ಆ ಕ್ಷಣವೇ ವಾಟ್ಸಾಪ್ ಮಾಡಿ. ಇಳಿಸಿದ ಮೇಲೆ ಪಿಓಡಿ (ಮಾಲು ಮುಟ್ಟಿದ್ದಕ್ಕೆ ಪುರಾವೆಯ ಕಾಗದ) ಮೇಲೆ ಒಳಹೋದ ಸಮಯ, ಹೊರಬಂದ ಸಮಯ, ಸಹಿ, ಸಿಕ್ಕಾ ಹಾಕಿಸಿಕೊಂಡು ಹೊರಡಿ. ಬಾಕ್ಸ್ ಕಡಿಮೆ ಎಂದೋ ಒಡೆದಿದೆ ಎಂದೋ ಬರೆದಿದ್ದರೆ ಗಾಡಿ ಡಾಕ್ (ಮಾಲು ಇಳಿಸುವ ಕಟ್ಟೆ) ಬಿಡುವ ಮೊದಲೇ ಪಾರ್ಟಿಗೆ ಫೋನ್ ಮಾಡಿ, ಎಣಿಕೆಯನ್ನು ಅಲ್ಲೇ ಇನ್ನೊಮ್ಮೆ ಮಾಡಿಸಿ.