ಎಸ್‌ಪಿ ಇಲ್ಲದ ಊರು

ಬೇರೆ ಜಿಲ್ಲೆಗಳ ಪೊಲೀಸರಿಗೆ ಮುಖ್ಯಸ್ಥರಾಗಿ ಎಸ್‌ಪಿ ಇರುತ್ತಾರೆ, ಬೆಂಗಳೂರು ಸಿಟಿಗೆ ಯಾಕಿಲ್ಲ ಅಂತ ಮಗಳು ಕೇಳಿದಳು. ಒಳ್ಳೇ ಪ್ರಶ್ನೆ.

ಇಲ್ಲಿ 1963ರಿಂದ ಕಮಿಷನರೇಟ್ ಇದೆ, ಅಂದರೆ ಎಸ್‌ಪಿ ಬದಲು ಪೊಲೀಸ್ ಕಮಿಷನರ್. ಬೇರೆ ಜಿಲ್ಲೆಗಳಲ್ಲಿ ಗಲಾಟೆ ಆದರೆ ನಿಷೇಧಾಜ್ಞೆಗೆ ಸಾಮಾನ್ಯವಾಗಿ ಡಿಸಿ, ಅಂದರೆ ಜಿಲ್ಲಾಧಿಕಾರಿ, ಸಹಿ ಬೇಕು. ಇಲ್ಲಿ ಪೊಲೀಸ್ ಕಮಿಷನರ್ ಅವರೇ ಹಾಕುತ್ತಾರೆ. ಲಾಠಿಯೂ ಅವರದೇ, ಆದೇಶವೂ ಅವರದೇ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲೂ ಇದೇ ಪದ್ಧತಿ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ 'ಸ್ವಲ್ಪ ತಡೀರಿ' ಅನ್ನೋಕೆ ಇನ್ನೊಂದು ಆಫೀಸ್ ಇದ್ದರೂ ಒಳ್ಳೇದೇ ಅಲ್ವಾ?

ಕಮಿಷನರ್ ಕೆಳಗೆ ಡಿಸಿಪಿ, ಎಸಿಪಿ, ಇನ್‌ಸ್ಪೆಕ್ಟರ್ ಅಂತ ಸಾಲು ಉದ್ದ ಇದೆ. ನಮಗೆ ಕಾಣುವವರು ಮಾತ್ರ ಕೊನೆಯವರು. 112ಕ್ಕೆ ಫೋನ್ ಮಾಡಿದರೆ ಬರುವ ಹೊಯ್ಸಳ ಗಾಡಿಯವರು, ಸಿಗ್ನಲ್‌ನಲ್ಲಿ ಬಿಳಿ ಅಂಗಿ, ಖಾಕಿ ಪ್ಯಾಂಟ್ ಹಾಕಿ ಹೊಗೆ ಕುಡಿಯುವವರು.

ಒಂದು ಕಡೆ ಅಂಚು ಮಡಚಿದ, ಪೇದೆಗಳ ಆ ಹಳೇ ಸ್ಲೋಚ್ ಹ್ಯಾಟ್ ನೆನಪಿದೆಯಾ? ಓಡುವಾಗ ತಲೆ ಮೇಲೆ ನಿಲ್ಲುತ್ತಲೇ ಇರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಕಾನ್‌ಸ್ಟೇಬಲ್‌ಗಳಿಗೆ ನೀಲಿ ಪೀಕ್ ಕ್ಯಾಪ್ ಕೊಡಲು ಶುರು ಮಾಡಿತು. ಚೆನ್ನಾಗಿಯೇ ಇದೆ. ಆದರೆ ದೂರದಿಂದ ನೋಡಿದರೆ ಪೇದೆಯೋ ಪಿಎಸ್‌ಐಯೋ ಅಂತ ನನಗಂತೂ ಇನ್ನೂ ಗೊಂದಲ. ಸುಮ್ನೆ ಎಲ್ಲರಿಗೂ 'ಸಾರ್' ಅಂದುಬಿಡುತ್ತೇನೆ.